‘ಪರ್ವ’: ಬರೆಯುವ ಮುನ್ನ ನಡೆದ ಹುಡುಕಾಟ

ಕಾದಂಬರಿ ಎಂಬುದು ಒಲೆಯ ಮೇಲಿನ ಹಾಲಿನಂತೆ ತಾನಾಗಿ ಉಕ್ಕಿ ಬರುವುದೇ? ಅಥವಾ ಮನೆ ಕಟ್ಟುವಂತೆ ನಕ್ಷೆ, ಪಾಯ, ಸಾಮಗ್ರಿಗಳನ್ನು ಮೊದಲೇ ಹೊಂದಿಸಿಕೊಂಡು ಕಟ್ಟಬೇಕಾದುದೇ? ಈ ಚರ್ಚೆ ಹಳೆಯದು. ರಷ್ಯದ ಟಾಲ್‌ಸ್ಟಾಯ್ 1825ರ ದಂಗೆಯಲ್ಲಿ ಪಾಲ್ಗೊಂಡವನೊಬ್ಬನ ಕಥೆ ಬರೆಯಹೊರಟು, ಅವನ ಬದುಕಿನ ಬೇರು ಅರಸುತ್ತ 1812ಕ್ಕೂ ಅಲ್ಲಿಂದ 1805ಕ್ಕೂ ಹಿಂದೆ ಸರಿದರು. ‘ಯುದ್ಧ ಮತ್ತು ಶಾಂತಿ’ ಹುಟ್ಟಿದ್ದು ಹಾಗೆ. ಅದಕ್ಕಾಗಿ 1867ರಲ್ಲಿ ಬೊರೊಡಿನೊ ರಣಭೂಮಿಯನ್ನು ಸ್ವತಃ ಸುತ್ತಿ ನೋಡಿದರು. ಕನ್ನಡದಲ್ಲಿ ಇಂಥ ಪೂರ್ವಸಿದ್ಧತೆಗೆ ದೊಡ್ಡ ಉದಾಹರಣೆ ಎಸ್.ಎಲ್. ಭೈರಪ್ಪನವರ ‘ಪರ್ವ’. ಅದು ಪ್ರಕಟವಾದದ್ದು 1979ರಲ್ಲಿ.

ಮಹಾಭಾರತದ ಕಥೆ ಕನ್ನಡಿಗರಿಗೆ ಹೊಸತಲ್ಲ. ಕುಮಾರವ್ಯಾಸನ ಕಾವ್ಯ, ಗಮಕ, ಹರಿಕಥೆ, ಯಕ್ಷಗಾನಗಳಿಂದ ಅದು ಮನೆಮಾತಾಗಿತ್ತು. 1950ರಲ್ಲಿ ಎ.ಆರ್. ಕೃಷ್ಣಶಾಸ್ತ್ರಿಗಳ ‘ವಚನಭಾರತ’ ಬಂದ ಮೇಲೆ ಗದ್ಯ ಓದುವವರಿಗೂ ಸುಲಭವಾಯಿತು. ಎಲ್ಲರಿಗೂ ಗೊತ್ತಿರುವ ಕಥೆಯನ್ನು ಕಾದಂಬರಿ ಮಾಡಬೇಕೆಂದರೆ ಹೊಸ ಪ್ರಶ್ನೆಗಳು ಬೇಕು. ವರ, ಶಾಪ, ಪವಾಡಗಳನ್ನು ತೆಗೆದರೆ ಉಳಿಯುವ ಮನುಷ್ಯರು ಎಂಥವರು? ನಿಯೋಗದಿಂದ ಮಕ್ಕಳನ್ನು ಪಡೆದ ಕುಂತಿಯ ಮನಸ್ಸು ಹೇಗಿದ್ದೀತು? ಐವರನ್ನು ವರಿಸಿದ ದ್ರೌಪದಿಯ ಸಂಸಾರ ಹೇಗೆ ನಡೆದೀತು? ಅಷ್ಟು ದೊಡ್ಡ ಸೇನೆಗೆ ಊಟ, ನೀರು ಎಲ್ಲಿಂದ ಬಂದೀತು? ಇವಕ್ಕೆ ಉತ್ತರ ಹುಡುಕದೆ ಮೊದಲ ಪುಟ ಬರೆಯುವುದೂ ಕಷ್ಟ.

ಕಾಲವೂ ಅನುಕೂಲವಾಗಿತ್ತು. 1950ರಿಂದ 1952ರವರೆಗೆ ಬಿ.ಬಿ. ಲಾಲ್ ಹಸ್ತಿನಾಪುರದಲ್ಲಿ ಉತ್ಖನನ ನಡೆಸಿದ್ದರು. ಅಲ್ಲಿ ಸಿಕ್ಕಿದ್ದು ಚಿನ್ನದ ಅರಮನೆಗಳಲ್ಲ. ಬೂದುಬಣ್ಣದ ಮಡಕೆಗಳು, ಮಣ್ಣಿನ ಗೋಡೆಗಳ ಕುರುಹು. ಪುಣೆಯ ಭಂಡಾರ್ಕರ್ ಸಂಸ್ಥೆಯ ಮಹಾಭಾರತ ಪರಿಷ್ಕರಣ 1966ರಲ್ಲಿ ಪೂರ್ಣಗೊಂಡಿತು. ಮರುವರ್ಷ ಇರಾವತಿ ಕರ್ವೆಯವರ ಮರಾಠಿ ಕೃತಿ ‘ಯುಗಾಂತ’ ಹೊರಬಂದು, ಭಾರತದ ಪಾತ್ರಗಳನ್ನು ಮನುಷ್ಯರಂತೆ ನೋಡುವ ದಾರಿ ತೋರಿತು.

ಭೈರಪ್ಪನವರು ಗ್ರಂಥಗಳಷ್ಟಕ್ಕೇ ನಿಲ್ಲಲಿಲ್ಲ. ದ್ವಾರಕೆ, ಕುರುಕ್ಷೇತ್ರ, ಹಸ್ತಿನಾಪುರ, ರಾಜಗೀರ್ ಮುಂತಾದ ಕಡೆ ಸುತ್ತಿದರು. ಹಿಮಾಲಯದ ಗಢವಾಲಿನಲ್ಲಿ ಸೋದರರು ಒಬ್ಬಳನ್ನೇ ಮದುವೆಯಾಗುವ ಪದ್ಧತಿ ಉಳಿದಿದ್ದ ಸಮಾಜವನ್ನು ಕಂಡರು. ಪಾಂಡವರ ಹೆಸರಿನ ಕುಣಿತ, ಆಚರಣೆಗಳು ಇಂದಿಗೂ ಇರುವ ಸೀಮೆ ಅದು. ಪುರಾಣದಲ್ಲಿ ವಿಚಿತ್ರವೆನಿಸುವ ದ್ರೌಪದಿಯ ವಿವಾಹ ಅಲ್ಲಿ ಹೊಲ, ಮನೆ, ಮಕ್ಕಳ ನಡುವಿನ ನಿತ್ಯದ ವ್ಯವಹಾರವಾಗಿ ಕಾಣುತ್ತದೆ. ಈ ಸಿದ್ಧತೆಯ ಕಥೆಯನ್ನು ಅವರು ‘ನಾನೇಕೆ ಬರೆಯುತ್ತೇನೆ?’ ಪುಸ್ತಕದಲ್ಲಿ ದಾಖಲಿಸಿದ್ದಾರೆ.

ಸಿದ್ಧತೆಯ ಫಲ ವಿವರಗಳಲ್ಲಿ ಮಾತ್ರವಲ್ಲ, ಕೃತಿಯ ಕಟ್ಟಡದಲ್ಲೂ ಕಾಣುತ್ತದೆ. ‘ಪರ್ವ’ ಶಂತನುವಿನಿಂದಲೋ ಪಗಡೆಯಾಟದಿಂದಲೋ ಆರಂಭವಾಗುವುದಿಲ್ಲ. ಯುದ್ಧ ಹತ್ತಿರವಾಗಿರುವಾಗ, ಮದ್ರದೇಶದ ಮುದಿ ರಾಜ ಶಲ್ಯನ ಮನೆಯಲ್ಲಿ ಕಥೆ ತೆರೆದುಕೊಳ್ಳುತ್ತದೆ. ಹಿಂದಿನದೆಲ್ಲ ಕುಂತಿ, ಭೀಮ, ದ್ರೌಪದಿ ಮೊದಲಾದವರ ನೆನಪಿನಲ್ಲಿ ಬರುತ್ತದೆ. ಮುಂದೇನಾಯಿತು ಎಂಬ ಕುತೂಹಲ ಓದುಗನಿಗಿಲ್ಲ. ಆಗ ಅವರಿಗೆ ಏನನ್ನಿಸಿತು ಎಂಬುದೇ ಕುತೂಹಲ.

ಇಂಥ ಸಿದ್ಧತೆಗೆ ಅಪಾಯಗಳೂ ಇವೆ. ಹುಡುಕಾಟಕ್ಕೆ ಕೊನೆಯಿಲ್ಲ, ಸಂಗ್ರಹಿಸಿದ ಮಾಹಿತಿಯ ಭಾರಕ್ಕೆ ಪಾತ್ರಗಳೇ ಕುಸಿಯಬಹುದು. ದೇವರನ್ನು ಕಳೆದ ಭಾರತದಲ್ಲಿ ಕುಮಾರವ್ಯಾಸನ ಬೆರಗು ಉಳಿಯುವುದೇ ಎಂದು ಕೇಳುವ ಓದುಗನ ಸಂಶಯವೂ ಸುಳ್ಳಲ್ಲ. ಎಷ್ಟೇ ಊರು ಸುತ್ತಿದರೂ ಆ ನಷ್ಟವನ್ನು ತುಂಬಲಾಗದು.

ಹಾಗೆಂದು ಪ್ರಯಾಣವೊಂದೇ ಸಿದ್ಧತೆಯಲ್ಲ. ಕುವೆಂಪು ಅವರ ‘ಕಾನೂರು ಹೆಗ್ಗಡಿತಿ’ ಬಂದದ್ದು 1936ರಲ್ಲಿ, ‘ಮಲೆಗಳಲ್ಲಿ ಮದುಮಗಳು’ 1967ರಲ್ಲಿ. ಮಲೆನಾಡನ್ನು ನೋಡಲು ಅವರು ಎಲ್ಲಿಗೂ ಹೋಗಬೇಕಿರಲಿಲ್ಲ. ಹುಟ್ಟಿ ಬೆಳೆದ ಬದುಕೇ ಅವರ ಸಾಮಗ್ರಿ. ಎದುರಿಗಿಲ್ಲದ ಕಾಲವನ್ನು ಬರೆಯುವವನಿಗೆ ಆ ಸೌಲಭ್ಯವಿಲ್ಲ. ಅವನು ನಡೆದು, ಕೇಳಿ, ಓದಿ ಆ ನೆನಪನ್ನು ಗಳಿಸಿಕೊಳ್ಳಬೇಕು. 2025ರ ಸೆಪ್ಟೆಂಬರಿನಲ್ಲಿ ಭೈರಪ್ಪನವರು ತೀರಿಕೊಂಡರು. ಅವರ ವಿಚಾರಗಳನ್ನು ಒಪ್ಪದವರೂ ಬರವಣಿಗೆಯ ಹಿಂದಿನ ಈ ದುಡಿಮೆಯನ್ನು ಗಮನಿಸದೆ ಇರಲಾರರು.