ಎಂಜಿನಿನ ದೋಷಸಂಕೇತಗಳು: ಒಂದು ಹೊಸ ಲಿಪಿಯ ಚರಿತ್ರೆ

ಭಾರದ ಲಾರಿಯ ಚಾಲಕನ ಮುಂದಿರುವ ಫಲಕದಲ್ಲಿ ಹಳದಿ ದೀಪವೊಂದು ಹೊತ್ತಿಕೊಂಡು, ಅದರ ಬದಿಯಲ್ಲಿ 'ಎಸ್.ಪಿ.ಎನ್. ೧೦೦, ಎಫ್.ಎಂ.ಐ. ೪' ಎಂಬಂತಹ ಬರೆಹವೊಂದು ಮೂಡುವುದನ್ನು ವಾಚಕರಲ್ಲಿ ಕೆಲವರಾದರೂ ಕಂಡಿರಬಹುದು. ಹಳೆಯ ಶಾಸನಗಳ ಅಕ್ಷರಗಳನ್ನು ಓದುವುದರಲ್ಲಿ ಆಸಕ್ತಿಯುಳ್ಳವರು ನಮ್ಮಲ್ಲಿ ಬಹುಮಂದಿ ಇದ್ದಾರೆ. ಈಚಿನ ನಾಲ್ಕು ದಶಕಗಳಲ್ಲಿ ಹುಟ್ಟಿ ಬೆಳೆದ ಈ ಲಿಪಿಯ ಕಡೆಗೆ ಮಾತ್ರ ಅವರ ದೃಷ್ಟಿ ಹರಿದಂತಿಲ್ಲ. ನಾನು ಯಂತ್ರಶಾಸ್ತ್ರಜ್ಞನಲ್ಲ, ಲಾರಿಗಳ ಮೇಲೆ ಬ್ಯಾಂಕು ಕೊಟ್ಟ ಸಾಲಗಳ ಕಡತ ನೋಡುವವನು. ಕಂತು ತಪ್ಪಿದ ಸಾಲಗಾರರನ್ನು ಕಾರಣ ಕೇಳಿದಾಗ "ಗಾಡಿ ಕೋಡ್ ತೋರ್ಸಿ ನಿಂತೈತ್ರಿ ಸಾಹೇಬ್ರ" ಎಂಬ ಉತ್ತರ ಮೇಲಿಂದ ಮೇಲೆ ಬಂದುದೇ ನಾನು ಈ ವಿಷಯದ ಬೆನ್ನು ಹತ್ತುವುದಕ್ಕೆ ನಿಮಿತ್ತವಾಯಿತು.

ಡೀಸೆಲ್ ಎಂಜಿನಿನ ಆದಿಯಲ್ಲಿ ಇಂತಹ ಬರೆಹಕ್ಕೆ ಎಡೆಯೇ ಇರಲಿಲ್ಲ. ರುಡಾಲ್ಫ್ ಡೀಸೆಲ್ ೧೮೯೨ರಲ್ಲಿ ಜರ್ಮನಿಯಲ್ಲಿ ಪೇಟೆಂಟಿಗೆ ಅರ್ಜಿ ಹಾಕಿ, ೧೮೯೭ರಲ್ಲಿ ಆಗ್ಸ್‌ಬರ್ಗ್ ನಗರದಲ್ಲಿ ತನ್ನ ಎಂಜಿನನ್ನು ತೃಪ್ತಿಕರವಾಗಿ ನಡೆಯಿಸಿ ತೋರಿಸಿದನು. ಅದು ಲಾರಿಯನ್ನೇರಿದುದು ೧೯೨೩–೨೪ರ ಸುಮಾರಿಗೆ. ೧೯೨೭ರಲ್ಲಿ ಬಾಷ್ ಕಂಪನಿಯವರು ಇಂಧನವನ್ನು ಅಳೆದು ಚಿಮ್ಮಿಸುವ ಪಂಪುಗಳನ್ನು ಸಾಲುಸಾಲಾಗಿ ತಯಾರಿಸತೊಡಗಿದ ಮೇಲೆ ಅದರ ವಿಸ್ತಾರಕ್ಕೆ ತಡೆಯಿಲ್ಲವಾಯಿತು. ನಮ್ಮ ದೇಶದಲ್ಲಿ ಟಾಟಾ ಸಂಸ್ಥೆ ೧೯೫೪ರಲ್ಲಿ ಡೈಮ್ಲರ್-ಬೆಂಝ್ ಕಂಪನಿಯ ಸಹಯೋಗದಿಂದ ಲಾರಿಗಳನ್ನು ತಯಾರಿಸಲಾರಂಭಿಸಿತು. ಮರುವರ್ಷ ಮದರಾಸಿನ ಬಳಿಯ ಎಣ್ಣೂರಿನ ಕಾರಖಾನೆ ಅಶೋಕ್ ಲೇಲ್ಯಾಂಡ್ ಎಂಬ ಹೆಸರು ತಾಳಿತು. ಈ ಲಾರಿಗಳಿಗೆ ಬೇಕಾದ ಪಂಪು, ನಾಝಲುಗಳ ಮಾತು ಬಂದರೆ ಬೆಂಗಳೂರನ್ನು ನೆನೆಯದೆ ಇರುವಂತಿಲ್ಲ. ೧೯೫೧ರಲ್ಲಿ ಸ್ಥಾಪಿತವಾದ ಮೋಟಾರ್ ಇಂಡಸ್ಟ್ರೀಸ್ ಕಂಪನಿ, ಅಂದರೆ ಜನರ ಬಾಯಲ್ಲಿ 'ಮೈಕೋ', ಆಡುಗೋಡಿಯಲ್ಲಿ ಬಾಷ್ ಪದ್ಧತಿಯ ಪಂಪುಗಳನ್ನು ಮಾಡಿ ದೇಶಕ್ಕೆಲ್ಲ ಒದಗಿಸಿತು. ಆ ಹೆಸರು ಒಂದು ಬಡಾವಣೆಗೂ ಅಂಟಿಕೊಂಡು ಇಂದಿಗೂ ಉಳಿದಿದೆ.

ಆ ಕಾಲದ ಎಂಜಿನಿಗೆ ಭಾಷೆಯಿರಲಿಲ್ಲವೆಂದರೆ ತಪ್ಪಾದೀತು. ಅದರ ಭಾಷೆ ಸದ್ದು, ಹೊಗೆ, ನಡುಕ. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನಿನ ಮೈಗೊತ್ತಿ, ಹಿಡಿಯನ್ನು ಕಿವಿಗಾನಿಸಿ ಒಳಗಿನ ಬಡಿತವನ್ನು ಕೇಳುವ ಮಿಸ್ತ್ರಿಗಳಿದ್ದರು. ನಾಝಲಿಗೆ ಹೋಗುವ ಪೈಪುಗಳ ನಟ್ಟನ್ನು ಒಂದೊಂದಾಗಿ ಸಡಿಲಿಸುವರು. ಯಾವುದನ್ನು ಸಡಿಲಿಸಿದರೂ ಎಂಜಿನಿನ ಸದ್ದು ಬದಲಾಗದೋ ಆ ಸಿಲಿಂಡರು ಮೊದಲೇ ಸತ್ತಿದೆಯೆಂದು ತಿಳಿಯುವರು. ಕರಿಹೊಗೆ ಬಂದರೆ ಗಾಳಿ ಸಾಲದು ಅಥವಾ ಇಂಧನ ಹೆಚ್ಚು. ನೀಲಿಯಾದರೆ ಆಯಿಲು ಉರಿಯುತ್ತಿದೆ. ಬಿಳಿಯಾದರೆ ಇಂಧನ ಉರಿಯದೆ ಹೊರಬರುತ್ತಿದೆ ಅಥವಾ ನೀರು ಒಳಹೊಕ್ಕಿದೆ. ಇದು ಗುರುಮುಖದಿಂದ ಬರುವ ವಿದ್ಯೆ. ಕ್ಲೀನರನಾಗಿ ಸೇರಿದ ಹುಡುಗನು ಹತ್ತು ವರ್ಷಗಳಲ್ಲಿ ಅದನ್ನು ಕಲಿಯುತ್ತಿದ್ದನು. ಅದಕ್ಕಾಗಿ ಯಾವ ಕಂಪನಿಯ ಅಪ್ಪಣೆಯೂ ಬೇಕಾಗಿರಲಿಲ್ಲ.

ಈ ಸ್ಥಿತಿಯನ್ನು ಬದಲಿಸಿದುದು ಅಮೆರಿಕದ ಕಾನೂನು. ೧೯೭೦ರ ಶುದ್ಧವಾಯು ಅಧಿನಿಯಮದ ಬಲದಿಂದ ಅಲ್ಲಿಯ ಸರಕಾರ ವಾಹನಗಳ ಹೊಗೆಯ ಮೇಲೆ ಮಿತಿಗಳನ್ನು ಹೇರುತ್ತ ಬಂದಿತು. ಎಂಬತ್ತರ ದಶಕದ ಕೊನೆಯಿಂದ ಭಾರದ ಡೀಸೆಲ್ ಎಂಜಿನುಗಳ ಮೇಲಿನ ಮಿತಿಗಳು ಬಿಗಿಯಾದವು. ಇಂಧನವನ್ನು ಯಾವ ಕ್ಷಣದಲ್ಲಿ, ಎಷ್ಟು ಹೊತ್ತು ಚಿಮ್ಮಿಸಬೇಕೆಂಬುದನ್ನು ಹಲ್ಲುಚಕ್ರಗಳಿಂದಲೂ ಸ್ಪ್ರಿಂಗುಗಳಿಂದಲೂ ಅಷ್ಟು ಸೂಕ್ಷ್ಮವಾಗಿ ನಿಯಮಿಸುವುದು ಕಷ್ಟವಾಯಿತು. ಆದುದರಿಂದ ೧೯೮೫ರಲ್ಲಿ, ಆಗಿನ್ನೂ ಜನರಲ್ ಮೋಟಾರ್ಸ್ ಸಂಸ್ಥೆಯ ಅಂಗವಾಗಿದ್ದ ಡೆಟ್ರಾಯಿಟ್ ಡೀಸೆಲ್, ವಿದ್ಯುನ್ಮಾನ ನಿಯಂತ್ರಣವನ್ನು ಮಾರುಕಟ್ಟೆಗೆ ತಂದಿತು. ೧೯೮೭ರಲ್ಲಿ ಬಂದ ಅವರ 'ಸೀರೀಸ್ ೬೦' ಎಂಬ ಎಂಜಿನಿನಲ್ಲಿ ಈ ಗಣಕವು ಹೊರಗಿನಿಂದ ತಂದಿಟ್ಟ ಅತಿಥಿಯಾಗಿರದೆ ಮನೆಯ ಯಜಮಾನನೇ ಆಯಿತು. ಯಜಮಾನನಿಗೆ ಸುದ್ದಿ ಮುಟ್ಟಿಸಲು ತಾಪ, ಒತ್ತಡ, ವೇಗಗಳನ್ನು ಅಳೆಯುವ ಸೆನ್ಸಾರುಗಳು ನೇಮಕವಾದವು. ಸುದ್ದಿ ಕೆಟ್ಟದಾಗಿದ್ದರೆ ಅದನ್ನು ಹೊರಗೆ ಹೇಳುವ ಬಗೆಯೂ ಬೇಕಾಯಿತು.

ಮೊದಲನೆಯ ಬಗೆ ಅತ್ಯಂತ ಸರಳ. ಒಂದು ಗುಂಡಿ ಒತ್ತಿದರೆ ಫಲಕದ ದೀಪ ಮಿನುಗುವುದು. ಎರಡು ಸಲ ಮಿನುಗಿ, ಸ್ವಲ್ಪ ತಡೆದು, ಐದು ಸಲ ಮಿನುಗಿದರೆ ೨೫. ಡೆಟ್ರಾಯಿಟ್ ಪದ್ಧತಿಯಲ್ಲಿ ೨೫ ಎಂದರೆ 'ಯಾವ ದೋಷವೂ ಇಲ್ಲ' ಎಂದರ್ಥ. ಆರೋಗ್ಯಕ್ಕೂ ಒಂದು ಸಂಖ್ಯೆಯನ್ನು ಕೊಟ್ಟ ಈ ವಿವೇಕವನ್ನು ನಾನು ಮೆಚ್ಚುತ್ತೇನೆ, ಏಕೆಂದರೆ ದೀಪವೇ ಕೆಟ್ಟು ಸುಮ್ಮನಿರುವುದಕ್ಕೂ ಎಂಜಿನು ಚೆನ್ನಾಗಿದ್ದು ಸುಮ್ಮನಿರುವುದಕ್ಕೂ ಭೇದ ತಿಳಿಯಬೇಕಷ್ಟೆ. ಆದರೆ ಪ್ರತಿಯೊಬ್ಬ ತಯಾರಕನೂ ತನ್ನದೇ ಸಂಖ್ಯೆಗಳನ್ನು ಕಟ್ಟಿಕೊಂಡುದರಿಂದ ಗೊಂದಲ ಬೆಳೆಯಿತು. ಅಮೆರಿಕದ ವಾಹನ ಎಂಜಿನಿಯರರ ಸಂಘವು ಆ ದಶಕದ ಉತ್ತರಾರ್ಧದಲ್ಲಿ ಒಂದು ಸಾಮಾನ್ಯ ಪದ್ಧತಿಯನ್ನು ರೂಪಿಸಿತು. ಅದರಲ್ಲಿ ಎಂಜಿನಿಗೆ ೧೨೮, ಗೇರಿನ ವ್ಯವಸ್ಥೆಗೆ ೧೩೦ ಎಂಬಂತೆ ಮಾತಾಡುವ ಅಂಗಗಳಿಗೆ ಸಂಖ್ಯೆಗಳುಂಟು. ತೊಂಬತ್ತರ ದಶಕದಲ್ಲಿ ಅದರ ಸ್ಥಾನಕ್ಕೆ ಬಂದುದೇ ಇಂದು ಲೋಕದಾದ್ಯಂತ ಬಳಕೆಯಲ್ಲಿರುವ ಜೆ-೧೯೩೯. ಇದು ನಿಂತಿರುವ ತಳಹದಿಯಾದರೋ, ೧೯೮೬ರಲ್ಲಿ ಡೆಟ್ರಾಯಿಟ್ ನಗರದ ಸಮ್ಮೇಳನದಲ್ಲಿ ಬಾಷ್ ಕಂಪನಿ ಲೋಕಕ್ಕೆ ತೋರಿಸಿದ 'ಕ್ಯಾನ್' ಎಂಬ ಎರಡು ತಂತಿಗಳ ಜಾಲ. ಹಿಂದೆ ಇಂಧನದ ಪಂಪನ್ನು ಕೊಟ್ಟ ಕಂಪನಿಯೇ ಎಂಜಿನಿಗೆ ಮಾತಿನ ದಾರಿಯನ್ನೂ ಕೊಟ್ಟಿತು.

ಈಗ ಲಿಪಿಯ ವ್ಯಾಕರಣವನ್ನು ನೋಡೋಣ. ಪ್ರತಿಯೊಂದು ದೋಷಸಂಕೇತವೂ ೩೨ ಬಿಟ್ಟುಗಳ ಒಂದು ವಾಕ್ಯ. ಮೊದಲ ೧೯ ಬಿಟ್ಟುಗಳಲ್ಲಿ ಎಸ್.ಪಿ.ಎನ್.; ಇದು ಯಾವ ವಸ್ತುವಿನ ಮಾತು ಎಂಬುದನ್ನು ಹೇಳುತ್ತದೆ. ೧೦೦ ಎಂದರೆ ಎಂಜಿನ್ ಆಯಿಲಿನ ಒತ್ತಡ, ೧೧೦ ತಂಪುನೀರಿನ ತಾಪ, ೧೯೦ ಎಂಜಿನಿನ ವೇಗ. ಮುಂದಿನ ೫ ಬಿಟ್ಟುಗಳಲ್ಲಿ ಎಫ್.ಎಂ.ಐ.; ಇದು ಆ ವಸ್ತುವಿಗೆ ಏನಾಗಿದೆಯೆಂಬ ಕ್ರಿಯಾಪದ, ೦ಯಿಂದ ೩೧ರ ತನಕ. ಇನ್ನೊಂದು ೭ ಬಿಟ್ಟುಗಳಲ್ಲಿ ದೋಷವು ಎಷ್ಟು ಸಲ ಬಂದು ಹೋಯಿತೆಂಬ ಎಣಿಕೆ. ಉಳಿದ ಒಂದು ಬಿಟ್ಟು ಲಿಪಿಕಾರರ ಹಳೆಯ ವ್ಯವಸ್ಥೆಯೊಂದನ್ನು ಸರಿಪಡಿಸಲು ಮೀಸಲು. ಅದನ್ನು ಬಿಟ್ಟರೆ ನಷ್ಟವಿಲ್ಲ.

ಮರ್ಮವಿರುವುದು ಕ್ರಿಯಾಪದದಲ್ಲಿ. ಸೆನ್ಸಾರಿಗೆ ಗಣಕವು ೫ ವೋಲ್ಟು ವಿದ್ಯುತ್ತು ಕೊಡುತ್ತದೆ. ಅದು ತಾನು ಅಳೆದುದನ್ನು ಸಾಮಾನ್ಯವಾಗಿ ಅರ್ಧ ವೋಲ್ಟಿನಿಂದ ನಾಲ್ಕೂವರೆ ವೋಲ್ಟಿನೊಳಗೆ ಹಿಂದಿರುಗಿಸುತ್ತದೆ. ಎರಡು ಅಂಚುಗಳನ್ನು ಖಾಲಿ ಬಿಟ್ಟಿರುವುದು ಬುದ್ಧಿಪೂರ್ವಕವಾಗಿ. ಆಯಿಲಿನ ಒತ್ತಡ ಎಷ್ಟೇ ಕುಸಿದರೂ ಸಂಕೇತ ಅರ್ಧ ವೋಲ್ಟಿಗಿಂತ ಕೆಳಗಿಳಿಯಬಾರದು. ಸೊನ್ನೆಗೆ ಇಳಿದಿದೆಯೆಂದರೆ ಆಯಿಲಿನ ದೋಷವಲ್ಲ, ತಂತಿಯ ದೋಷ. ಆದುದರಿಂದ '೧೦೦–೧' ಎಂದರೆ ಒತ್ತಡ ನಿಜವಾಗಿಯೂ ಅಪಾಯದ ಮಟ್ಟಕ್ಕೆ ಇಳಿದಿದೆ, ಈ ಕ್ಷಣ ಎಂಜಿನು ನಿಲ್ಲಿಸದಿದ್ದರೆ ಬೇರಿಂಗುಗಳು ಉಳಿಯಲಾರವು. '೧೦೦–೪' ಎಂದರೆ ಸುದ್ದಿ ತರುವ ತಂತಿಯಲ್ಲಿ ವೋಲ್ಟೇಜು ಇರಬೇಕಾದುದಕ್ಕಿಂತ ಕೆಳಗಿದೆ, ಬಹುಶಃ ಎಲ್ಲಿಯೋ ಛಾಸಿಗೆ ತಗುಲಿದೆ. ೩ ಎಂದರೆ ವೋಲ್ಟೇಜು ಮಿತಿಮೀರಿ ಮೇಲೆ, ೫ ಎಂದರೆ ಪ್ರವಾಹ ಕಡಿಮೆ ಅಥವಾ ತಂತಿ ತುಂಡು, ೨ ಎಂದರೆ ಬರುವ ಸುದ್ದಿ ಪೂರ್ವಾಪರ ಹೊಂದುತ್ತಿಲ್ಲ. ಶಾಸನ ಓದುವವರು ಕವಿಯ ತಪ್ಪು, ಕಂಡರಣೆಕಾರನ ತಪ್ಪು, ಕಲ್ಲು ಸವೆದುದು ಎಂಬ ಭೇದ ಮಾಡುವಂತೆ ಇಲ್ಲಿಯೂ ವಸ್ತುವಿನ ದೋಷವನ್ನೂ ವಾರ್ತೆಯ ದೋಷವನ್ನೂ ಬೇರ್ಪಡಿಸಬೇಕು.

ಬ್ಯಾಂಕಿನವರಿಗೆ ಇದು ಹೊಸದಲ್ಲ. ಮರಳಿಸಿದ ಚೆಕ್ಕಿನ ಜೊತೆಗೆ ಕಾರಣದ ಚೀಟಿಯೊಂದನ್ನು ಲಗತ್ತಿಸುತ್ತೇವೆ. 'ಹಣ ಸಾಲದು' ಎಂದು ಅದು ಹೇಳೀತೇ ಹೊರತು ಆ ಮನುಷ್ಯನ ಹಣ ಎಲ್ಲಿ ಹೋಯಿತೆಂದು ಹೇಳುವುದಿಲ್ಲ. ದೋಷಸಂಕೇತವೂ ಅಷ್ಟೆ, ಕಂಡುದನ್ನು ಹೇಳುತ್ತದೆ, ಯಾವ ಭಾಗವನ್ನು ಬದಲಿಸಬೇಕೆಂಬ ತೀರ್ಪು ಕೊಡುವುದಿಲ್ಲ. ಒಂದೇ ವೇಳೆಗೆ ಆರೇಳು ಸಂಕೇತಗಳು ಬಂದಾಗ ಇದನ್ನು ಮರೆತವರಿಗೆ ದಂಡ ಖಂಡಿತ. ಹಲವು ಸೆನ್ಸಾರುಗಳು ಒಂದೇ ೫ ವೋಲ್ಟಿನ ಮೂಲದಿಂದ ಉಣ್ಣುತ್ತವೆ; ಅವುಗಳಲ್ಲಿ ಒಂದು ಕೆಟ್ಟು ಮೂಲವನ್ನೇ ನೆಲಕ್ಕೆಳೆದರೆ ಎಲ್ಲವೂ ಒಟ್ಟಿಗೆ ಕೂಗಿಕೊಳ್ಳುತ್ತವೆ. ಹಲವು ಓಲೆಪ್ರತಿಗಳಲ್ಲಿ ಒಂದೇ ತಪ್ಪು ಕಂಡರೆ ಗ್ರಂಥಸಂಪಾದಕರು ಅವೆಲ್ಲಕ್ಕೂ ಒಂದು ಮಾತೃಪ್ರತಿಯನ್ನು ಊಹಿಸುತ್ತಾರಲ್ಲವೆ? ಒಳ್ಳೆಯ ಮಿಸ್ತ್ರಿಯ ತರ್ಕವೂ ಅದೇ.

ಗಣಕವು ಎಂಜಿನಿನ ಯಜಮಾನನಾದುದರ ಇನ್ನೊಂದು ಮುಖ ೧೯೯೮ರಲ್ಲಿ ಬಯಲಾಯಿತು. ಕ್ಯಾಟರ್‌ಪಿಲ್ಲರ್, ಕಮಿನ್ಸ್, ಡೆಟ್ರಾಯಿಟ್ ಡೀಸೆಲ್, ಮ್ಯಾಕ್, ನೇವಿಸ್ಟಾರ್, ರೆನೋ, ವೋಲ್ವೋ ಎಂಬ ಏಳು ತಯಾರಕರ ಎಂಜಿನುಗಳಲ್ಲಿ, ಹೆದ್ದಾರಿಯ ಮೇಲೆ ಒಂದೇ ವೇಗದಲ್ಲಿ ಓಡುವಾಗ ಇಂಧನ ಉಳಿಸಿ ಹೆಚ್ಚು ನೈಟ್ರೋಜನ್ ಆಕ್ಸೈಡನ್ನು ಹೊರಬಿಡುವ ಏರ್ಪಾಡಿದೆಯೆಂದು ಅಮೆರಿಕದ ಸರಕಾರ ಆರೋಪಿಸಿತು. ಆ ವರ್ಷದ ಅಕ್ಟೋಬರಿನಲ್ಲಾದ ಒಪ್ಪಂದದಲ್ಲಿ ದಂಡವೇ ೮.೩೪ ಕೋಟಿ ಡಾಲರು. ಇತರ ವೆಚ್ಚಗಳು ಸೇರಿ ಒಟ್ಟು ನೂರು ಕೋಟಿ ಡಾಲರನ್ನು ಮೀರಿತು. ಇಷ್ಟೆಲ್ಲ ನಡೆಯುತ್ತಿದ್ದಾಗ ಯಾವ ಲಾರಿಯ ಫಲಕದಲ್ಲಿಯೂ ದೀಪ ಹೊತ್ತಲಿಲ್ಲ. ಹೊತ್ತುವುದಾದರೂ ಹೇಗೆ? ತಯಾರಕನು ದೋಷವೆಂದು ಬರೆದುದು ಮಾತ್ರ ದೋಷ.

ಭಾರತದಲ್ಲಿ ಈ ಸಂಕೇತಗಳು ಸಾಮಾನ್ಯ ಲಾರಿಯವನ ಬಾಳಿಗೆ ಬಂದುದು ತಡವಾಗಿ. ೧೯೯೮ರಲ್ಲಿ ಹೊಸಕೋಟೆಯಲ್ಲಿ ವೋಲ್ವೋ ಲಾರಿಗಳ ತಯಾರಿಕೆ ಆರಂಭವಾದಾಗ ಅವು ಅಪರೂಪದ ವಸ್ತುಗಳಾಗಿದ್ದವು. ೨೦೧೭ರ ಏಪ್ರಿಲಿನಿಂದ ದೇಶದಾದ್ಯಂತ ಭಾರತ್ ಸ್ಟೇಜ್ ೪, ೨೦೨೦ರ ಏಪ್ರಿಲಿನಿಂದ ಭಾರತ್ ಸ್ಟೇಜ್ ೬ ನಿಯಮಗಳು ಬಂದ ಮೇಲೆ ಹಳ್ಳಿಯ ರಸ್ತೆಯ ಲಾರಿಗೂ ಗಣಕ ಅನಿವಾರ್ಯವಾಯಿತು. ಹೊಗೆಯನ್ನು ತೊಳೆಯಲು ನೂರಕ್ಕೆ ೩೨.೫ ಭಾಗ ಯೂರಿಯಾ ಇರುವ ದ್ರಾವಣ ಬೇಕು. ಅದು ಮುಗಿದರೆ ಅಥವಾ ಕಲಬೆರಕೆಯಾಗಿದ್ದರೆ ಸಂಕೇತ ಬರುವುದಷ್ಟೇ ಅಲ್ಲ, ಎಂಜಿನಿನ ಬಲವನ್ನು ಗಣಕವೇ ತಗ್ಗಿಸುತ್ತದೆ. ಘಾಟಿಯ ನಡುವೆ ಹೀಗಾದ ಲಾರಿಯ ಚಾಲಕನ ಪಾಡನ್ನು ಊಹಿಸಬಹುದು.

ಕೆಲವು ವರ್ಷಗಳ ಹಿಂದೆ ನನ್ನ ಕಡತದಲ್ಲಿದ್ದ ಸಾಲಗಾರನೊಬ್ಬನ ಲಾರಿ '೧೦೦–೪' ತೋರಿಸಿತು. ಹುಬ್ಬಳ್ಳಿಯ ಕಡೆಯವನು, ಇದ್ದುದು ಒಂದೇ ಲಾರಿ. ಒಂದು ಗ್ಯಾರೇಜಿನವರು ಸೆನ್ಸಾರನ್ನು ಎರಡು ಸಲ ಬದಲಿಸಿ, ಮೂರನೆಯ ಸಲ ಆಯಿಲ್ ಪಂಪನ್ನೇ ಬಿಚ್ಚಬೇಕೆಂದರು. ಲಾರಿ ಹನ್ನೊಂದು ದಿನ ನಿಂತಿತು. ಅವನ ಎರಡು ಕಂತುಗಳು ಆಗಲೇ ಬಾಕಿಯಾಗಿದ್ದವು. ತೊಂಬತ್ತು ದಿನ ಮೀರಿದರೆ ನಿಯಮದಂತೆ ಸಾಲವನ್ನು ಅನುತ್ಪಾದಕವೆಂದು ನಾವು ಬರೆಯಲೇಬೇಕು, ಆಮೇಲೆ ಲಾರಿ ಅವನ ಕೈಯಲ್ಲಿ ಉಳಿಯುವುದು ದುರ್ಲಭ. ಕೊನೆಗೆ ಕಳಂಬೋಲಿಯಲ್ಲಿ ಕುಂದಾಪುರದ ಕಡೆಯ ಹಿರಿಯ ಮಿಸ್ತ್ರಿಯೊಬ್ಬರು ತಂತಿಯ ಕಟ್ಟಿನ ಮೇಲೆ ಕೈಯಾಡಿಸುತ್ತ ಹೋಗಿ, ಕ್ಲಾಂಪಿನ ಕೆಳಗೆ ಹೊದಿಕೆ ಸವೆದು ಲೋಹಕ್ಕೆ ತಗುಲಿದ್ದ ಜಾಗವನ್ನು ಹಿಡಿದರು. ಟೇಪು ಸುತ್ತಿದ ಮೇಲೆ ದೀಪ ಆರಿತು.

ಆ ಗ್ಯಾರೇಜಿನವರಲ್ಲಿ ಸಂಕೇತ ಓದುವ ಯಂತ್ರವಿತ್ತು, ಓದುವ ಅಭ್ಯಾಸವಿರಲಿಲ್ಲ. ಇಂದಿನ ಅನೇಕ ಮಿಸ್ತ್ರಿಗಳ ಕಷ್ಟ ಇದಕ್ಕೆ ತಿರುಗುಮುರುಗು, ಅಭ್ಯಾಸವಿದೆ, ಪುಸ್ತಕವಿಲ್ಲ. ಎಸ್.ಪಿ.ಎನ್. ಸಂಖ್ಯೆಗಳಲ್ಲಿ ೫,೨೦,೦೦೦ದ ಆಚೆಯ ಕೆಲವು ಸಾವಿರಗಳನ್ನು ತಯಾರಕರ ಖಾಸಗಿ ಉಪಯೋಗಕ್ಕೆ ಬಿಡಲಾಗಿದೆ. ಅವುಗಳ ಅರ್ಥ ಕಂಪನಿಯ ಕೋಷ್ಟಕದಲ್ಲಲ್ಲದೆ ಬೇರೆಲ್ಲಿಯೂ ಸಿಕ್ಕುವುದು ಕಷ್ಟ. ಅಮೆರಿಕದಲ್ಲಿ ೨೦೧೫ರಲ್ಲಿ ಭಾರದ ವಾಹನಗಳ ತಯಾರಕರೂ ಸ್ವತಂತ್ರ ದುರಸ್ತಿಗಾರರೂ ಮಾಹಿತಿ ಹಂಚಿಕೊಳ್ಳುವ ಒಪ್ಪಂದಕ್ಕೆ ಬಂದರು. ಲಾರಿಯನ್ನು ಕೊಂಡವನಿಗೆ ಅದು ಆಡುವ ಮಾತಿನ ಅರ್ಥವೂ ಸಲ್ಲಬೇಕೆಂಬುದು ನನ್ನ ಅಭಿಪ್ರಾಯ. ಸಾಲ ಕೊಡುವ ಬ್ಯಾಂಕುಗಳೇ ಇದನ್ನು ಮೊದಲು ಕೇಳಬೇಕಾಗಿತ್ತು.

ಕಳಂಬೋಲಿಯ ಆ ಹಿರಿಯರು ತಮ್ಮ ಜೇಬಿನಿಂದ ಆಯಿಲು ಮೆತ್ತಿದ ಒಂದು ಸಣ್ಣ ವಹಿಯನ್ನು ತೆಗೆದು ತೋರಿಸಿದರು. ಎಫ್.ಎಂ.ಐ. ಸಂಖ್ಯೆಗಳನ್ನು ಅವರು ಅದರಲ್ಲಿ ಕನ್ನಡದಲ್ಲಿ ಬರೆದುಕೊಂಡಿದ್ದರು. ೨, ಮಾತು ತಪ್ಪುತ್ತದೆ. ೩, ಮೇಲೆ ತಗುಲಿದೆ. ೪, ನೆಲಕ್ಕೆ ತಗುಲಿದೆ. ೫, ತುಂಡಾಗಿದೆ. ೦ ಮತ್ತು ೧ರ ಎದುರಿಗೆ ಕೆಂಪು ಶಾಯಿಯಲ್ಲಿ 'ನಿಜ, ನಿಲ್ಲಿಸು' ಎಂದಿತ್ತು. "ನಕಲು ಮಾಡ್ಕೊಳ್ಳಿ ಸಾರ್, ಅಡ್ಡಿಯಿಲ್ಲ" ಎಂದರು. ನಾನು ಬ್ಯಾಂಕಿನ ತಪಾಸಣಾ ಪತ್ರದ ಹಿಂಬದಿಯಲ್ಲಿ ಅದನ್ನು ಬರೆದುಕೊಂಡು ಬಂದೆ.