ಹಾಜರಿ ಪುಸ್ತಕ ಯಾರ ಕೈಲಿ?

ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ತಾಲ್ಲೂಕುಗಳ ಕೇರಿಗಳಲ್ಲಿ ಅಕ್ಷರ ಬಾರದ ಮುದುಕಿಗೂ ಇವತ್ತು ಗೊತ್ತಿರುವ ಒಂದು ಇಂಗ್ಲಿಷ್ ಮಾತಿದೆ: ಓಟಿ. "ಮಗಳಿಗೆ ಓಟಿ ಐತೆ ಕಣಪ್ಪ, ಬರೋದು ಹೊತ್ತಾಗುತ್ತೆ" ಅನ್ನುತ್ತಾಳೆ ಒಬ್ಬ ತಾಯಿ. ಪಕ್ಕದ ಮನೆಯವಳ ದೂರೇ ಬೇರೆ: "ನಮ್ಮ ಹುಡುಗನಿಗೆ ಈ ತಿಂಗಳು ಓಟಿನೇ ಕೊಡಲಿಲ್ಲ, ಸೂಪರ್‌ವೈಸರು ಅವನ ಕಡೆಯೋರಿಗೇ ಹಾಕ್ಕೊಂಡ." ಒಬ್ಬಳಿಗೆ ಬೇಡವೆಂದರೂ ಬಿಡದ ಗಂಟೆ, ಇನ್ನೊಬ್ಬನಿಗೆ ಬೇಕೆಂದರೂ ಸಿಗದ ಗಂಟೆ. ಎರಡು ದೂರೂ ಹೋಗಿ ನಿಲ್ಲುವುದು ಒಂದೇ ಬಾಗಿಲಲ್ಲಿ, ಹಾಜರಿ ಬರೆಯುವವನ ಬಾಗಿಲಲ್ಲಿ. ಕೂಲಿ ಎಷ್ಟು ಎಂದು ಕೇಳುವಷ್ಟೇ ಜೋರಾಗಿ, ಗಂಟೆ ಬರೆಯುವವನು ಯಾರು, ಹಂಚುವವನು ಯಾರು ಎಂದೂ ಕೇಳಬೇಕಾಗಿದೆ. ಈ ಪ್ರಶ್ನೆಗೆ ನಮ್ಮ ಜಿಲ್ಲೆಯಲ್ಲಿ ಒಂದು ಚರಿತ್ರೆಯೇ ಇದೆ.

ನಮ್ಮ ತಾತಂದಿರ ದುಡಿಮೆಗೆ ಗಂಟೆಯೆಂಬುದೇ ಇರಲಿಲ್ಲ. ಜೀತಕ್ಕಿದ್ದವನು ಕೋಳಿ ಕೂಗುವ ಮುಂಚೆ ಒಡೆಯನ ಕೊಟ್ಟಿಗೆ ಸೇರಬೇಕು, ದನಗಳಿಗೆ ಮೇವು ಹಾಕಿದ ಮೇಲೇ ತನ್ನ ಮುದ್ದೆ ನೋಡಬೇಕು. ತೋಟಿ, ತಳವಾರಿಕೆಯ ಮನೆಗೆ ನಡುರಾತ್ರಿ ಕರೆ ಬಂದರೂ ಓಡಬೇಕು. 'ಹೆಚ್ಚುವರಿ' ಎನ್ನಬೇಕಾದರೆ ಮೊದಲು 'ಇಷ್ಟು' ಎಂಬ ಅಳತೆ ಬೇಕಲ್ಲ? ಜೀತದಲ್ಲಿ ಆ ಅಳತೆ ಇರಲಿಲ್ಲ. ಲೆಕ್ಕವಿದ್ದದ್ದು ಸಾಲಕ್ಕೆ ಮಾತ್ರ, ಆ ಲೆಕ್ಕ ಇದ್ದದ್ದು ಒಡೆಯನ ಪೆಟ್ಟಿಗೆಯಲ್ಲಿ. 1975ರ ಅಕ್ಟೋಬರಿನ ಸುಗ್ರೀವಾಜ್ಞೆ, 1976ರ ಕಾಯ್ದೆ ಜೀತವನ್ನು ಕಾಗದದ ಮೇಲೆ ರದ್ದು ಮಾಡಿದವು.

ಅಷ್ಟು ಹೊತ್ತಿಗೆ ಜಿಲ್ಲೆಯ ಇನ್ನೊಂದು ಮೂಲೆಯಲ್ಲಿ ಗಡಿಯಾರ ಬಂದು ಒಂದು ಶತಮಾನವಾಗುತ್ತಿತ್ತು. 1880ರಿಂದ ಜಾನ್ ಟೇಲರ್ ಅಂಡ್ ಸನ್ಸ್ ನಡೆಸಿದ ಚಿನ್ನದ ಗಣಿಗಳಲ್ಲಿ ಪಾಳಿ ಬಂತು, ಹಾಜರಿ ಬಂತು. 1902ರಲ್ಲಿ ಶಿವನಸಮುದ್ರದಿಂದ ಕರೆಂಟೂ ಬಂತು. ಬಿಲಕ್ಕೆ ಇಳಿದವರು ಬಹುಪಾಲು ಉತ್ತರ ಆರ್ಕಾಟು, ಚಿತ್ತೂರು ಸೀಮೆಯಿಂದ ಬಂದ ಆದಿದ್ರಾವಿಡರು, ನಮ್ಮ ಜನ. ಅವರಲ್ಲಿ ಬಹಳ ಮಂದಿಗೂ ಕಂಪನಿಗೂ ನೇರ ಸಂಬಂಧವಿರಲಿಲ್ಲ. ನಡುವೆ ಕಂಟ್ರಾಕ್ಟರ್ ಇದ್ದ. ಕೆಲಸಕ್ಕೆ ಸೇರಿಸುವವನು ಅವನು, ಕೂಲಿಯಲ್ಲಿ ಪಾಲು ಹಿಡಿಯುವವನೂ ಅವನೇ. 1930ರಲ್ಲಿ ಕಂಪನಿಗಳು ಕಾರ್ಮಿಕರ ಬೆರಳಚ್ಚು ತೆಗೆದು ದಾಖಲೆ ಇಡಲು ಹೊರಟವು. ಕಳ್ಳಕಾಕರ ಹಾಗೆ ತಮ್ಮ ಬೆರಳೂ ಕಂಪನಿಯ ಕಪಾಟು ಸೇರುವುದನ್ನು ಗಣಿಯವರು ಒಪ್ಪಲಿಲ್ಲ, ಮುಷ್ಕರ ಹೂಡಿದರು. ಓದು ಬಾರದ ಜನ ದಾಖಲೆಯ ಅಧಿಕಾರವೇನೆಂದು ಅಷ್ಟು ಬೇಗ ಅರಿತಿದ್ದರು. ವಿದ್ಯಾರ್ಥಿ ಗೆಳೆಯರು ಇದನ್ನು ಗಮನಿಸಬೇಕು.

ಡಾ. ಅಂಬೇಡ್ಕರ್ ವೈಸರಾಯರ ಮಂಡಲಿಯಲ್ಲಿ ಕಾರ್ಮಿಕ ಸದಸ್ಯರಾಗಿದ್ದಾಗ, 1946ರಲ್ಲಿ, ಕಾರ್ಖಾನೆಗಳ ವಾರದ ದುಡಿಮೆಯನ್ನು 54 ಗಂಟೆಯಿಂದ 48ಕ್ಕೆ ಇಳಿಸುವ ಕಾನೂನು ತಂದರು. ಬ್ರಿಟಿಷ್ ಇಂಡಿಯಾದ ಆ ಕಾನೂನು ಮೈಸೂರು ಸಂಸ್ಥಾನದ ಗಣಿಗೆ ತಾನಾಗಿ ಬರುವಂತಿರಲಿಲ್ಲ. ಅದೇ ವರ್ಷ ನವೆಂಬರ್ 4ರಂದು ಮುಷ್ಕರ ಹೂಡಿದ್ದ ಗಣಿ ಕಾರ್ಮಿಕರ ಮೇಲೆ ಪೊಲೀಸರು ಗುಂಡು ಹಾರಿಸಿದರು. ಆರು ಮಂದಿ ಸತ್ತರು. 1948ರ ಕಾರ್ಖಾನೆ ಕಾಯ್ದೆ ದಿನಕ್ಕೆ 9, ವಾರಕ್ಕೆ 48 ಗಂಟೆ ಎಂದು ಗೆರೆ ಎಳೆಯಿತು, ಅದನ್ನು ಮೀರಿದ ಗಂಟೆಗೆ ಎರಡರಷ್ಟು ಕೂಲಿ ಎಂದಿತು. ಗಣಿ 2001ರ ಫೆಬ್ರವರಿ 28ರಂದು ಮುಚ್ಚಿತು. ಕಂಟ್ರಾಕ್ಟರ್ ಮುಚ್ಚಿಹೋಗಲಿಲ್ಲ. ಅವನು ಏಜೆನ್ಸಿ ಎಂಬ ಹೊಸ ಬೋರ್ಡು ಹಾಕಿಕೊಂಡ.

ಬೆಂಗಳೂರು–ಕೋಲಾರ ಹೆದ್ದಾರಿಯ ನರಸಾಪುರಕ್ಕೆ ಬನ್ನಿ. ಅಲ್ಲಿ ತೈವಾನಿನ ವಿಸ್ಟ್ರಾನ್ ಕಂಪನಿ ಆಪಲ್ ಫೋನ್ ಜೋಡಿಸುವ ಕಾರ್ಖಾನೆ ನಡೆಸುತ್ತಿತ್ತು. 2020ರಲ್ಲಿ ಬಹಳ ಕಡಿಮೆ ಅವಧಿಯಲ್ಲಿ ಕೆಲಸಗಾರರ ಸಂಖ್ಯೆ 5,000ದಿಂದ ಸುಮಾರು 10,500ಕ್ಕೆ ಏರಿತು. ಅವರಲ್ಲಿ ಕಂಪನಿಯ ಸ್ವಂತ ನೌಕರರು ಸುಮಾರು 1,300 ಮಂದಿ. ಮಿಕ್ಕವರು ಬಹುಪಾಲು ಆರು ಏಜೆನ್ಸಿಗಳ ಗುತ್ತಿಗೆಯವರು. ಅಕ್ಟೋಬರಿನಲ್ಲಿ 8 ಗಂಟೆಯ ಮೂರು ಪಾಳಿ ಹೋಗಿ 12 ಗಂಟೆಯ ಎರಡು ಪಾಳಿ ಬಂದವು. ಹಾಜರಿ ಯಂತ್ರ ಮಾತ್ರ ಸರಿಯಾಗಿ ಕೆಲಸ ಮಾಡುತ್ತಿರಲಿಲ್ಲ. ದುಡಿದ ದಿನ ಗೈರುಹಾಜರಿಯಾಯಿತು, ಓಟಿ ಗಂಟೆ ಮಾಯವಾಯಿತು. ಇಂಜಿನಿಯರಿಂಗ್ ಓದಿದವರಿಗೆ 21,000 ರೂಪಾಯಿ ಎಂದವರು ಮೊದಲು 16,000, ಆಮೇಲೆ 12,000 ಕೊಟ್ಟರೆಂದು ಕಾರ್ಮಿಕರು ಹೇಳಿದರು. ಬೇರೆ ಪದವಿಯವರ ಬಟವಾಡೆ 8,000ಕ್ಕೆ ಇಳಿದಿತ್ತು. ಒಂದೇ ಮೇಜು, ಒಂದೇ ಸ್ಕ್ರೂ, ಒಂದೇ ಹನ್ನೆರಡು ಗಂಟೆ. ಆದರೆ ಗಂಟೆ ಕಂಪನಿಯ ಯಂತ್ರದಿಂದ ಏಜೆನ್ಸಿಯ ಪುಸ್ತಕಕ್ಕೆ, ಅಲ್ಲಿಂದ ಸಂಬಳದ ಚೀಟಿಗೆ ಬರುವಷ್ಟರಲ್ಲಿ ಸವೆಯುತ್ತಿತ್ತು. ಕೇಳಿದರೆ ಕಂಪನಿಯವನು ಏಜೆನ್ಸಿಯನ್ನು ತೋರಿಸುತ್ತಾನೆ, ಏಜೆನ್ಸಿಯವನು ಕಂಪನಿಯನ್ನು.

ಡಿಸೆಂಬರ್ 12ರ ಬೆಳಿಗ್ಗೆ ರಾತ್ರಿ ಪಾಳಿ ಮುಗಿಸಿದವರ ಸಹನೆ ಮುರಿಯಿತು. ಗಾಜು ಪುಡಿಯಾದವು, ಗಾಡಿಗಳಿಗೆ ಬೆಂಕಿ ಬಿತ್ತು. ಅದನ್ನು ನಾವು ಹಾಡಿ ಹೊಗಳುವುದಿಲ್ಲ. ಆದರೆ ಸಂಘವೇ ಇಲ್ಲದ ಕಡೆ ದೂರು ಹೇಳಲು ಯಾವ ಕಿಟಕಿ ತೆರೆದಿತ್ತು ಎಂದು ಕೇಳದೆ, ಈ ಹುಡುಗರನ್ನು ಪುಂಡರೆಂದು ಕರೆದವರಿಗೆ ನಮ್ಮ ಧಿಕ್ಕಾರವಿದೆ. ನೂರೈವತ್ತಕ್ಕೂ ಹೆಚ್ಚು ಮಂದಿ ಬಂಧನವಾದರು. ಹಾನಿ 437 ಕೋಟಿ ರೂಪಾಯಿ ಎಂದು ಪೊಲೀಸರಿಗೆ ದೂರು ಹೋಯಿತು. ಕೆಲವೇ ದಿನಗಳಲ್ಲಿ ಅದೇ ಕಂಪನಿ ತೈವಾನಿನ ಷೇರುಪೇಟೆಗೆ ಕೊಟ್ಟ ಲೆಕ್ಕ ನಮ್ಮ ಹಣದಲ್ಲಿ 26ರಿಂದ 52 ಕೋಟಿ. ಒಡೆದ ಗಾಜು ಬರೆಯುವಾಗ ಇಷ್ಟು ಧಾರಾಳವಾದ ಕೈ, ಹುಡುಗರ ಓಟಿ ಬರೆಯುವಾಗ ಯಾಕೆ ಬಿಗಿಯಾಯಿತು? ಕಾರ್ಖಾನೆಗಳ ಇಲಾಖೆಯ ತನಿಖೆ ಹಾಜರಿ ಯಂತ್ರದ ಲೋಪವನ್ನೂ, ಸ್ವಚ್ಛತೆಯ ಕೆಲಸದ ಹೆಂಗಸರಿಂದ ಅನುಮತಿಯಿಲ್ಲದೆ ಓಟಿ ಮಾಡಿಸಿದ್ದನ್ನೂ ದಾಖಲಿಸಿತು. ಡಿಸೆಂಬರ್ 19ರಂದು ಕಂಪನಿಯೇ ಬಾಯಿಬಿಟ್ಟು, ಕೆಲವರಿಗೆ ಸರಿಯಾಗಿ, ಸಕಾಲಕ್ಕೆ ಸಂಬಳ ಕೊಟ್ಟಿಲ್ಲವೆಂದು ಒಪ್ಪಿತು. 2023ರಲ್ಲಿ ಕಾರ್ಖಾನೆಯನ್ನು ಟಾಟಾದವರು ಕೊಂಡರು.

ಇದರಿಂದ ಸರ್ಕಾರ ಕಲಿತದ್ದೇನು? ಅದೇ 2020ರ ಮೇ 22ರಂದು ದಿನಕ್ಕೆ 10, ವಾರಕ್ಕೆ 60 ಗಂಟೆ ಎಂದು ಅಧಿಸೂಚನೆ ಹೊರಡಿಸಿ, ಹೈಕೋರ್ಟಿನಲ್ಲಿ ಪ್ರಶ್ನೆ ಬಂದ ಮೇಲೆ ಜೂನ್ 11ರಂದು ವಾಪಸು ತೆಗೆದುಕೊಂಡಿತ್ತು. 2023ರ ಫೆಬ್ರವರಿಯಲ್ಲಿ ವಿಧಾನಮಂಡಲ ಕಾರ್ಖಾನೆ ಕಾಯ್ದೆಯನ್ನೇ ತಿದ್ದಿತು: ದಿನಕ್ಕೆ 12 ಗಂಟೆಯವರೆಗೆ ದುಡಿಸಬಹುದು, ಮೂರು ತಿಂಗಳ ಓಟಿ 75 ಗಂಟೆಯಿಂದ 144ಕ್ಕೆ ಏರಬಹುದು. ಗಂಟೆ ಬೆಳೆಯಿತು. ಗಂಟೆ ಬರೆಯುವವನ ಕೈ ಹಿಡಿಯುವ ಮಾತು ಬರಲಿಲ್ಲ.

ಕಾರ್ಖಾನೆಗಾದರೂ ಗೇಟಿದೆ, ಗೇಟಿನ ಮುಂದೆ ಜನ ಸೇರಬಹುದು. ಬಜಾರಿನ ಅಂಗಡಿಗಳಲ್ಲಿ ಅದೂ ಇಲ್ಲ. ಬಟ್ಟೆ ಅಂಗಡಿ, ಸೂಪರ್ ಮಾರ್ಕೆಟ್ಟುಗಳಲ್ಲಿ ಕಾಲೇಜು ಮುಗಿಸಿ ಸಂಜೆ ನಾಲ್ಕು ಗಂಟೆ ದುಡಿಯುವ ನಮ್ಮ ಮಕ್ಕಳಿದ್ದಾರೆ. ಯುಗಾದಿ, ದೀಪಾವಳಿ, ಮದುವೆಯ ತಿಂಗಳು ಬಂದರೆ ಹೆಚ್ಚಿನ ಗಂಟೆಗಳ ಹಂಚಿಕೆ ಶುರು. ಮಾಲೀಕನಿಗೆ ಬೇಕಾದವರಿಗೆ ಕೌಂಟರಿನ ಗಂಟೆ, ನಮ್ಮವರಿಗೆ ಗೋಡೌನಿನ ಗಂಟೆ. ಒಂದು ದಿನ ಎದುರು ಮಾತಾಡಿದರೆ ಮುಂದಿನ ವಾರ ಗಂಟೆಯೇ ಇಲ್ಲ. ಕೆಲಸದಿಂದ ತೆಗೆದೆ ಎಂದು ಅವನು ಹೇಳಬೇಕಾಗಿಯೂ ಇಲ್ಲ!

1961ರ ಕರ್ನಾಟಕ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ ಏನನ್ನುತ್ತದೆ, ನೋಡಿ. ದಿನಕ್ಕೆ 9, ವಾರಕ್ಕೆ 48 ಗಂಟೆ ಮೀರಿದರೆ ಎರಡರಷ್ಟು ಕೂಲಿ. ಅಂದರೆ ನಾಲ್ಕು ಗಂಟೆಗೆ ಬಂದ ಹುಡುಗಿಯನ್ನು ಎಂಟು ಗಂಟೆ ನಿಲ್ಲಿಸಿಕೊಂಡರೂ ಕಾನೂನಿನ ಕಣ್ಣಿಗೆ ಅದು ಓಟಿಯಲ್ಲ. ಒಂಟಿ ಕೂಲಿ ಸಾಕು. ಆ ಗಂಟೆ ಯಾರಿಗೆ ಕೊಡಬೇಕು, ಯಾವ ಸರದಿಯಲ್ಲಿ, ಬೇಡವೆನ್ನುವ ಹಕ್ಕು ಉಂಟೋ ಇಲ್ಲವೋ, ಇವೆಲ್ಲ ಮಾಲೀಕನ ಇಷ್ಟ. ಹಳ್ಳಿ ಶಾಲೆಯ ಮೇಷ್ಟ್ರುಗಳಲ್ಲಿ ನಮ್ಮದೊಂದು ಮಾತು: ನಿಮ್ಮ ಕೈಲಿ ಓದಿದ ಮಕ್ಕಳು ಅಂಗಡಿ ಸೇರಿದರೆ, ಬಂದ ಹೊತ್ತು, ಹೊರಟ ಹೊತ್ತು, ಯಾರ ಬದಲಿಗೆ ನಿಂತದ್ದು ಎಂದು ದಿನಾ ಬರೆದಿಡಲು ಒಂದು ನೋಟ್‌ಬುಕ್ ಕೊಡಿಸಿ. ಲೇಬರ್ ಇನ್ಸ್‌ಪೆಕ್ಟರ್ ಮುಂದೆ ಮಾಲೀಕನ ಪುಸ್ತಕಕ್ಕೆ ಎದುರಾಗಿ ಇಡಲು ಆ ಮಕ್ಕಳ ಹತ್ತಿರ ಬೇರೆ ಕಾಗದ ಇರುವುದಿಲ್ಲ.

2025ರ ಜೂನ್‌ನಲ್ಲಿ ರಾಜ್ಯ ಸರ್ಕಾರ ಈ ಅಂಗಡಿ ಕಾಯ್ದೆಯನ್ನೂ ತಿದ್ದುವ ಪ್ರಸ್ತಾಪ ಮುಂದಿಟ್ಟಿತು. ದಿನಕ್ಕೆ ಓಟಿ ಸೇರಿ 12 ಗಂಟೆ, ಮೂರು ತಿಂಗಳ ಓಟಿ 50ರಿಂದ 144. ಕಾರ್ಮಿಕ ಸಂಘಗಳು ಬೀದಿಗೆ ಇಳಿದದ್ದು ಆ ಹನ್ನೆರಡು ಗಂಟೆಯ ವಿರುದ್ಧ, ಇಳಿದದ್ದು ಸರಿ. ನಾಲ್ಕು ಗಂಟೆಯ ಹುಡುಗಿಯ ಐದನೆಯ ಗಂಟೆಯ ಮಾತನ್ನು ಸರ್ಕಾರವೂ ಎತ್ತಲಿಲ್ಲ.