ಸಾಕು ಹಾವುಗಳ ನೀರಿನ ಸುರಕ್ಷತೆ

ಸಾಕು ಹಾವುಗಳ ನೀರಿನ ಸುರಕ್ಷತೆ ಎಂದರೆ ಸೆರೆಯಲ್ಲಿರುವ ಹಾವುಗಳಿಗೆ ಕುಡಿಯುವ ನೀರು, ಮೈ ನೆನೆಸುವ ನೀರು ಮತ್ತು ಗೂಡಿನ ಗಾಳಿಯ ತೇವಾಂಶವನ್ನು ಅಪಾಯವಾಗದಂತೆ ಒದಗಿಸುವ ಕ್ರಮ. ಕಾಡಿನಲ್ಲಿ ಹಾವು ನೀರನ್ನೂ ಒಣ ನೆಲವನ್ನೂ ತಾನೇ ಹುಡುಕಿಕೊಳ್ಳುತ್ತದೆ. ಗೂಡಿನಲ್ಲಿ ಅದಕ್ಕೆ ಇರುವುದು ಒಂದೇ ಬಟ್ಟಲು. ಆದ್ದರಿಂದ ನೀರಿನ ಕೊರತೆ, ಅತಿಯಾದ ತೇವ ಮತ್ತು ಕೊಳಕು ನೀರು ಇವು ಮೂರೂ ಸಾಕು ಹಾವುಗಳ ಸಾಮಾನ್ಯ ಕಾಯಿಲೆಗಳಿಗೆ ಕಾರಣವಾಗುತ್ತವೆ. ಒಂದೇ ಮನೆಗೆ ಕಾವೇರಿ, ಕೊಳವೆಬಾವಿ ಮತ್ತು ಟ್ಯಾಂಕರ್ ನೀರು ಬರುವ, ಮಳೆಗಾಲದಲ್ಲಿ ನೆರೆಯ ಭಯವೂ ಇರುವ ಬೆಂಗಳೂರಿನ ಹೊರಮಾವಿನಂತಹ ಬಡಾವಣೆಗಳಲ್ಲಿ ಈ ವಿಷಯಕ್ಕೆ ಹೆಚ್ಚಿನ ಮಹತ್ವವಿದೆ.

ಕಾನೂನಿನ ಹಿನ್ನೆಲೆ

ಭಾರತದಲ್ಲಿ ನಾಗರಹಾವು, ಕೊಳಕುಮಂಡಲ, ಕೇರೆಹಾವು, ನೀರೊಳ್ಳೆ, ಹೆಬ್ಬಾವು ಮುಂತಾದ ದೇಶೀಯ ಹಾವುಗಳಿಗೆ 1972ರ ವನ್ಯಜೀವಿ (ಸಂರಕ್ಷಣೆ) ಕಾಯ್ದೆಯ ರಕ್ಷಣೆಯಿದೆ. ಇವನ್ನು ಹಿಡಿದು ಮನೆಯಲ್ಲಿ ಸಾಕುವುದು ಅಪರಾಧ. ವಿಷವಿಲ್ಲದ ಹಾವುಗಳಿಗೂ ಈ ನಿಯಮ ಅನ್ವಯಿಸುತ್ತದೆ. ಸಾಕಲು ಅವಕಾಶವಿರುವುದು ಬಾಲ್ ಪೈಥಾನ್‌ನಂತಹ ವಿದೇಶಿ ಹಾವುಗಳನ್ನು ಮಾತ್ರ. ಇಂತಹ ಪ್ರಾಣಿಗಳ ವಿವರವನ್ನು ಸ್ವಯಂಪ್ರೇರಣೆಯಿಂದ ಘೋಷಿಸಲು ಕೇಂದ್ರ ಪರಿಸರ ಸಚಿವಾಲಯವು 2020ರ ಜೂನ್‌ನಲ್ಲಿ ಅವಕಾಶ ನೀಡಿತು. ಕಾಯ್ದೆಗೆ 2022ರಲ್ಲಿ ತಂದ ತಿದ್ದುಪಡಿಯು 2023ರ ಏಪ್ರಿಲ್ 1ರಂದು ಜಾರಿಗೆ ಬಂದಿತು. ಅದರ ನಾಲ್ಕನೆಯ ಅನುಸೂಚಿಯಲ್ಲಿರುವ ಜೀವಂತ ಪ್ರಾಣಿಗಳನ್ನು ಪರಿವೇಶ್ ಜಾಲತಾಣದಲ್ಲಿ ನೋಂದಾಯಿಸಬೇಕೆಂಬ ನಿಯಮಗಳನ್ನು 2024ರ ಫೆಬ್ರವರಿಯಲ್ಲಿ ಹೊರಡಿಸಲಾಯಿತು.

ವಿದೇಶಿ ಹಾವುಗಳ ಕಳ್ಳಸಾಗಣೆಯೂ ನಡೆಯುತ್ತದೆ. 2023ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನ ಕೆಂಪೇಗೌಡ ಅಂತರರಾಷ್ಟ್ರೀಯ ವಿಮಾನ ನಿಲ್ದಾಣದಲ್ಲಿ ಬ್ಯಾಂಕಾಕ್‌ನಿಂದ ಬಂದ ಸಾಮಾನಿನೊಳಗೆ 55 ಬಾಲ್ ಪೈಥಾನ್‌ಗಳು ಮತ್ತು 17 ಕಾಳಿಂಗ ಸರ್ಪಗಳು ಪತ್ತೆಯಾದವು. ನೀರಿಲ್ಲದೆ ದೀರ್ಘ ಪ್ರಯಾಣ ಮಾಡಿಸಿದ ಹಾವುಗಳು ನಿರ್ಜಲೀಕರಣದಿಂದ ಬಳಲುವ ಸಂಭವ ಹೆಚ್ಚು.

ಹಾವಿನ ದೇಹ ಮತ್ತು ನೀರು

ಹಾವು ನಾಲಿಗೆಯಿಂದ ನೀರನ್ನು ನೆಕ್ಕುವುದಿಲ್ಲ. ಮೂತಿಯನ್ನು ನೀರಿಗೆ ತಾಗಿಸಿ, ದವಡೆಗಳ ಚಲನೆಯಿಂದ ನೀರನ್ನು ಒಳಕ್ಕೆ ಎಳೆದುಕೊಳ್ಳುತ್ತದೆ. ಆಹಾರವಿಲ್ಲದೆ ವಾರಗಟ್ಟಲೆ ಇರಬಲ್ಲ ಹಾವೂ ನೀರಿಲ್ಲದೆ ಅಷ್ಟು ಕಾಲ ತಾಳಲಾರದು. ಅದರ ಮೂತ್ರಪಿಂಡಗಳು ತ್ಯಾಜ್ಯವನ್ನು ಹೆಚ್ಚಾಗಿ ಯೂರಿಕ್ ಆಮ್ಲದ ರೂಪದಲ್ಲಿ ಹೊರಹಾಕುತ್ತವೆ. ನೀರು ಸಾಲದಿದ್ದರೆ ಈ ಆಮ್ಲದ ಹರಳುಗಳು ಮೂತ್ರಪಿಂಡ ಮತ್ತು ಕೀಲುಗಳಲ್ಲಿ ಸಂಗ್ರಹವಾಗಿ ಗೌಟ್ ಎಂಬ ಕಾಯಿಲೆ ಬರಬಹುದು. ಚರ್ಮದ ಸುಕ್ಕು, ಗುಳಿಬಿದ್ದ ಕಣ್ಣು, ಅಂಟಾದ ಲಾಲಾರಸ ಮತ್ತು ಚೂರುಚೂರಾಗಿ ಕಳಚುವ ಪೊರೆ ನಿರ್ಜಲೀಕರಣದ ಲಕ್ಷಣಗಳು.

ನೀರಿನ ಮೂಲಗಳು

ಹಿಂದೆ ಪ್ರತ್ಯೇಕ ಗ್ರಾಮವಾಗಿದ್ದ ಹೊರಮಾವು 2007ರಲ್ಲಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯ ವ್ಯಾಪ್ತಿಗೆ ಸೇರಿದ 110 ಹಳ್ಳಿಗಳಲ್ಲಿ ಒಂದು. ಈ ಹಳ್ಳಿಗಳು ಬಹುಕಾಲ ಕೊಳವೆಬಾವಿ ಮತ್ತು ಟ್ಯಾಂಕರ್‌ಗಳನ್ನೇ ನೆಚ್ಚಿಕೊಂಡಿದ್ದವು. 2024ರ ಬೇಸಿಗೆಯಲ್ಲಿ ನಗರದ ಅನೇಕ ಕೊಳವೆಬಾವಿಗಳು ಬತ್ತಿ ತೀವ್ರ ಅಭಾವ ಉಂಟಾಯಿತು. ಮುಖ್ಯವಾಗಿ ಈ ಹಳ್ಳಿಗಳಿಗಾಗಿ ರೂಪಿಸಿದ, ದಿನಕ್ಕೆ 775 ದಶಲಕ್ಷ ಲೀಟರ್ ಸಾಮರ್ಥ್ಯದ ಕಾವೇರಿ ಐದನೆಯ ಹಂತದ ಯೋಜನೆ 2024ರ ಅಕ್ಟೋಬರ್ 16ರಂದು ಉದ್ಘಾಟನೆಗೊಂಡಿತು.

ಮನುಷ್ಯರು ಕುಡಿಯಲು ಯೋಗ್ಯವಾದ ನೀರು ಹಾವಿಗೂ ಯೋಗ್ಯ ಎಂಬುದು ಸಾಮಾನ್ಯ ನಿಯಮ. ಕೊಳಾಯಿ ನೀರಿನಲ್ಲಿ ಉಳಿದಿರುವ ಅಲ್ಪ ಪ್ರಮಾಣದ ಕ್ಲೋರಿನ್ ಹಾವಿಗೆ ಸಾಮಾನ್ಯವಾಗಿ ಹಾನಿ ಮಾಡುವುದಿಲ್ಲ. ಬೇಕೆನಿಸಿದರೆ ನೀರನ್ನು ತೆರೆದ ಪಾತ್ರೆಯಲ್ಲಿ ಒಂದು ದಿನ ಇಟ್ಟು ಬಳಸಬಹುದು. ಕೊಳವೆಬಾವಿಯ ಗಡಸು ನೀರು ಬಟ್ಟಲಿನಲ್ಲಿ ಬಿಳಿಯ ಪದರವನ್ನು ಬಿಡುತ್ತದೆ. ಆ ಒರಟು ಪದರದಲ್ಲಿ ಬ್ಯಾಕ್ಟೀರಿಯಾ ಸುಲಭವಾಗಿ ನೆಲೆಸುವುದರಿಂದ ಅದನ್ನು ಉಜ್ಜಿ ತೆಗೆಯಬೇಕು. ಭಾರತೀಯ ಮಾನಕ 10500ರ ಪ್ರಕಾರ ಕುಡಿಯುವ ನೀರಿನಲ್ಲಿ ನೈಟ್ರೇಟ್ ಲೀಟರಿಗೆ 45 ಮಿಲಿಗ್ರಾಂ ಮೀರಬಾರದು. ಒಳಚರಂಡಿಯ ನೀರು ಅಂತರ್ಜಲಕ್ಕೆ ಸೇರುವ ಕಡೆ ಈ ಮಿತಿ ಮೀರುವ ಸಂಭವವಿರುತ್ತದೆ. ಮೂಲ ತಿಳಿಯದ ಟ್ಯಾಂಕರ್ ನೀರನ್ನು ಕುದಿಸಿ ಆರಿಸಿದರೆ ಸೂಕ್ಷ್ಮಾಣುಗಳು ಸಾಯುತ್ತವೆ, ಆದರೆ ನೈಟ್ರೇಟ್ ಉಳಿಯುತ್ತದೆ. ಕೆರೆ ಮತ್ತು ರಾಜಕಾಲುವೆಗಳ ನೀರನ್ನು ಬಳಸಬಾರದು.

ನೀರಿನ ಬಟ್ಟಲು

ಬಟ್ಟಲು ಭಾರವಾಗಿದ್ದು ಮಗುಚದಂತಿರಬೇಕು. ಪಿಂಗಾಣಿ ಬಟ್ಟಲು ಇದಕ್ಕೆ ಸೂಕ್ತ. ನೀರನ್ನು ದಿನವೂ ಬದಲಿಸಬೇಕು. ಹಾವು ಅದರಲ್ಲಿ ಮಲವಿಸರ್ಜನೆ ಮಾಡಿದ್ದರೆ ಕೂಡಲೇ ಚೆಲ್ಲಿ, ಬಟ್ಟಲನ್ನು ಸೋಂಕುನಿವಾರಕದಿಂದ ತೊಳೆದು, ಚೆನ್ನಾಗಿ ಜಾಲಾಡಿ ಒಣಗಿಸಬೇಕು. ಬಟ್ಟಲನ್ನು ಗೂಡಿನ ತಂಪು ಭಾಗದಲ್ಲಿ ಇಡುವುದು ವಾಡಿಕೆ. ಬಿಸಿ ಭಾಗದಲ್ಲಿಟ್ಟರೆ ನೀರು ಬೇಗ ಆವಿಯಾಗಿ ತೇವಾಂಶ ಏರುತ್ತದೆ. ಮರಿಹಾವುಗಳಿಗೆ ಆಳವಿಲ್ಲದ ಬಟ್ಟಲನ್ನೇ ಇಡಬೇಕು.

ತೇವಾಂಶ ಮತ್ತು ಪೊರೆ

ಬಾಲ್ ಪೈಥಾನ್‌ಗೆ ಸುಮಾರು ಶೇ. 50ರಿಂದ 60, ಕಾರ್ನ್ ಸ್ನೇಕ್‌ಗೆ ಶೇ. 40ರಿಂದ 60 ತೇವಾಂಶ ಸಾಕಾಗುತ್ತದೆ. ಪೊರೆ ಬಿಡುವ ಮುನ್ನ ಕಣ್ಣುಗಳು ನೀಲಿ ಛಾಯೆಗೆ ತಿರುಗುತ್ತವೆ. ಆಗ ಒದ್ದೆ ಪಾಚಿಯಿರುವ ಮುಚ್ಚಿದ ಡಬ್ಬಿಯೊಂದನ್ನು ಗೂಡಿನಲ್ಲಿಟ್ಟರೆ ಹಾವು ತನಗೆ ಬೇಕಾದಾಗ ಅದರೊಳಗೆ ಹೋಗುತ್ತದೆ. ಬೆಂಗಳೂರಿನ ಬೇಸಿಗೆಯ ಒಣ ಗಾಳಿಯಲ್ಲಿ ಇದು ವಿಶೇಷವಾಗಿ ಉಪಯುಕ್ತ. ಡಿಸೆಂಬರ್ ಮತ್ತು ಜನವರಿಯ ಚಳಿಯಲ್ಲಿ ಗೂಡನ್ನು ಬೆಚ್ಚಗಿಡದೆ ನೀರು ಸಿಂಪಡಿಸಿದರೆ ಶ್ವಾಸಕೋಶದ ಸೋಂಕಿಗೆ ದಾರಿಯಾಗುತ್ತದೆ. ಕಣ್ಣಿನ ಮೇಲೆ ಉಳಿದ ಪೊರೆಯನ್ನು ಕೈಯಿಂದ ಕೀಳಬಾರದು.

ನೆನೆಸುವಿಕೆ ಮತ್ತು ಮುಳುಗುವ ಅಪಾಯ

ಪೊರೆ ಸಿಕ್ಕಿಕೊಂಡಾಗ ಅಥವಾ ನಿರ್ಜಲೀಕರಣವಾದಾಗ ಹಾವನ್ನು ಸುಮಾರು 26ರಿಂದ 30 ಡಿಗ್ರಿ ಸೆಲ್ಸಿಯಸ್ ಉಷ್ಣತೆಯ ನೀರಿನಲ್ಲಿ 15ರಿಂದ 30 ನಿಮಿಷ ಇಡಬಹುದು. ನೀರಿನ ಆಳ ಹಾವಿನ ಮೈಯ ಅರ್ಧ ದಪ್ಪವನ್ನು ಮೀರಬಾರದು. ಅದು ತಲೆಯನ್ನು ನೆಲಕ್ಕೆ ಊರಿಕೊಂಡೇ ಉಸಿರಾಡುವಂತಿರಬೇಕು. ಹಾವುಗಳು ಈಜಬಲ್ಲವಾದರೂ ನುಣುಪಾದ ಬಕೆಟ್ಟಿನಲ್ಲಿ ಆಧಾರ ಸಿಗದೆ ದಣಿದು ಮುಳುಗುತ್ತವೆ. ಆದ್ದರಿಂದ ನೆನೆಯುತ್ತಿರುವ ಹಾವಿನ ಬಳಿಯಿಂದ ಕದಲಬಾರದು. ಶಾಂಪೂ, ಸಾಬೂನು, ಎಣ್ಣೆ ಅಥವಾ ಅರಿಶಿನವನ್ನು ಆ ನೀರಿಗೆ ಬೆರೆಸಬಾರದು.

ನೀರಿಗೆ ಸಂಬಂಧಿಸಿದ ಕಾಯಿಲೆಗಳು

ಸದಾ ಒದ್ದೆಯಾದ ಹಾಸಿನ ಮೇಲೆ ಮಲಗುವ ಹಾವಿನ ಹೊಟ್ಟೆಯ ಹುರುಪೆಗಳು ಕಂದುಬಣ್ಣಕ್ಕೆ ತಿರುಗಿ ಗುಳ್ಳೆಗಳಾಗಿ ಕೊಳೆಯುತ್ತವೆ. ಕೊಳಕು ನೀರಿನಲ್ಲಿ ಬೆಳೆಯುವ ಸ್ಯೂಡೊಮೊನಾಸ್ ಮತ್ತು ಏರೊಮೊನಾಸ್ ಬ್ಯಾಕ್ಟೀರಿಯಾಗಳು ಇದಕ್ಕೆ ಕಾರಣವಾಗಬಹುದು. ಹಾವಿಗೆ ವಪೆ ಇಲ್ಲದಿರುವುದರಿಂದ ಅದು ಕೆಮ್ಮಿ ಕಫವನ್ನು ಹೊರಹಾಕಲಾರದು. ಬಾಯಿ ತೆರೆದು ಉಸಿರಾಡುವುದು, ಮೂಗಿನಲ್ಲಿ ಗುಳ್ಳೆ ಕಾಣುವುದು ಅಪಾಯದ ಸೂಚನೆ. ಹಾವು ದಿನಗಟ್ಟಲೆ ಬಟ್ಟಲಿನಲ್ಲೇ ಮಲಗಿದ್ದು ನೀರಿನಲ್ಲಿ ಕಪ್ಪು ಚುಕ್ಕೆಗಳು ಕಂಡರೆ ಅವು ರಕ್ತ ಹೀರುವ ಹಾವಿನ ನುಸಿಗಳಾಗಿರಬಹುದು. ಈ ಲಕ್ಷಣಗಳು ಕಂಡಾಗ ಸರೀಸೃಪಗಳ ಅನುಭವವಿರುವ ಪಶುವೈದ್ಯರಿಗೆ ತೋರಿಸಬೇಕು.

ಆರೋಗ್ಯವಂತ ಹಾವುಗಳ ಕರುಳಿನಲ್ಲಿಯೂ ಸಾಲ್ಮೊನೆಲ್ಲಾ ಇರಬಹುದು. ಬಟ್ಟಲನ್ನು ಅಡುಗೆಮನೆಯ ತೊಟ್ಟಿಯಲ್ಲಿ ತೊಳೆಯಬಾರದು. ಹಾವನ್ನು ಮುಟ್ಟಿದ ಮೇಲೆ ಸಾಬೂನಿನಿಂದ ಕೈ ತೊಳೆಯಬೇಕು. ಐದು ವರ್ಷದೊಳಗಿನ ಮಕ್ಕಳಿಗೆ ಈ ಸೋಂಕು ಹೆಚ್ಚು ಅಪಾಯಕಾರಿ.

ಹಾಲು ಮತ್ತು ಹಾವು

ಹಾವಿಗೆ ಹಾಲು ಆಹಾರವಲ್ಲ. ಸಸ್ತನಿಯಲ್ಲದ ಹಾವಿನ ದೇಹ ಹಾಲನ್ನು ಜೀರ್ಣಿಸಿಕೊಳ್ಳಲು ಹೊಂದಿಕೊಂಡಿಲ್ಲ. ನಾಗರಪಂಚಮಿಯ ಸಮಯದಲ್ಲಿ ಹಾವಾಡಿಗರ ಬುಟ್ಟಿಯ ಹಾವು ಹಾಲು ಕುಡಿಯುವುದು ದಿನಗಟ್ಟಲೆ ನೀರು ಸಿಗದೆ ಬಾಯಾರಿದ್ದರಿಂದ. ನಿರ್ಜಲೀಕರಣದ ಮೇಲೆ ಹಾಲೂ ಸೇರಿ ಹಾವು ಸಾಯಬಹುದು.

ನೆರೆಯ ಸಂದರ್ಭ

2025ರ ಮೇ ತಿಂಗಳ ಮಳೆಯಲ್ಲಿ ಹೊರಮಾವಿನ ಸಾಯಿ ಲೇಔಟ್ ಜಲಾವೃತವಾಗಿ ಮನೆಗಳಿಗೆ ನೀರು ನುಗ್ಗಿತು. ಇಂತಹ ತಗ್ಗು ಪ್ರದೇಶಗಳಲ್ಲಿ ಗೂಡನ್ನು ನೆಲದ ಮೇಲೆ ಇಡಬಾರದು, ಏಕೆಂದರೆ ಬೀಗ ಹಾಕಿದ ಗಾಜಿನ ಗೂಡಿಗೆ ನೀರು ನುಗ್ಗಿದರೆ ಹಾವಿಗೆ ಪಾರಾಗುವ ದಾರಿಯಿರುವುದಿಲ್ಲ. ಬಟ್ಟೆಯ ಚೀಲ ಮತ್ತು ಗಾಳಿಯಾಡುವ ಪೆಟ್ಟಿಗೆಯನ್ನು ಮೊದಲೇ ಸಿದ್ಧವಾಗಿಟ್ಟುಕೊಳ್ಳಬೇಕು. ಗೂಡಿನ ಹೀಟರ್‌ನ ವಿದ್ಯುತ್ ಸಂಪರ್ಕವನ್ನು ನೀರು ಏರುವ ಮುನ್ನವೇ ಕಡಿತಗೊಳಿಸಬೇಕು. ಸಾಕಲಾಗದ ವಿದೇಶಿ ಹಾವನ್ನು ಕೆರೆ ಅಥವಾ ಬಯಲಿಗೆ ಬಿಡಬಾರದು.

ನೆರೆಯ ನೀರಿನೊಡನೆ ಕಾಡುಹಾವುಗಳೂ ಮನೆಯೊಳಗೆ ಆಸರೆ ಅರಸಿ ಬರುತ್ತವೆ. ಕೆರೆಗಳಲ್ಲಿ ವಾಸಿಸುವ ನೀರೊಳ್ಳೆ ವಿಷರಹಿತ, ಆದರೆ ಕೆಣಕಿದರೆ ಕಚ್ಚುತ್ತದೆ. ನೀರಿನಲ್ಲಿ ಕಂಡ ಹಾವೆಲ್ಲ ನೀರೊಳ್ಳೆಯಲ್ಲ. ನಾಗರಹಾವು ಮತ್ತು ಕೊಳಕುಮಂಡಲಗಳೂ ಈಜುತ್ತವೆ. ಆದ್ದರಿಂದ ಯಾವ ಹಾವನ್ನೂ ಹಿಡಿಯಲು ಯತ್ನಿಸದೆ, ದೂರದಿಂದ ಗಮನಿಸುತ್ತ ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ಕರೆ ಮಾಡಬೇಕು. ಹಾವು ಕಚ್ಚಿದರೆ ವಿಳಂಬ ಮಾಡದೆ ಪ್ರತಿವಿಷ ಲಭ್ಯವಿರುವ ಆಸ್ಪತ್ರೆಗೆ ಹೋಗಬೇಕು.